ಆರನೆಯ ತಂತಿ

ಬಹಳ ಹಿಂದೆ, ಗಿಳಿಗಳು ಜಗಳವನ್ನೂ ರಾಗವಾಗಿ ಆಡುತ್ತಿದ್ದ ಕಾಲದಲ್ಲಿ, ನಾದಾವತಿ ಎಂಬ ರಾಜ್ಯವಿತ್ತು. ಅಲ್ಲಿ ಚಿನ್ನಯ್ಯನೆಂಬ ಗಿಟಾರ್ ವಾದಕನಿದ್ದ. ವಿದ್ಯೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಒಮ್ಮೆ ಆಸ್ಥಾನದಲ್ಲಿ ಕರ್ಕಶನೆಂಬ ಮಾಂತ್ರಿಕ ಹಾಡಿದಾಗ ಎಲ್ಲರೂ ಹೆದರಿ ತಲೆದೂಗಿದರು. ಚಿನ್ನಯ್ಯ ಮಾತ್ರ, "ಸ್ವಾಮಿ, ಶ್ರುತಿ ಸ್ವಲ್ಪ ಇಳಿದಿದೆ" ಎಂದ. ಮಾಂತ್ರಿಕ ಅವನನ್ನೇ ಗಿಟಾರ್ ಮಾಡಿ ಹೆಗಲಿಗೇರಿಸಿಕೊಂಡು ಹೋದ.

ಹೆಂಡತಿ ಚೆಲುವಾಜಮ್ಮ ಅತ್ತಳು, ಗಂಡನ ಬಾಯನ್ನು ಬೈದಳು, ಸೆರಗು ಬಿಗಿದು ಹೊರಟಳು. ಅವಳಿಗೆ ಸಂಗೀತ ಬಾರದು. ಆದರೆ ಅವಳು ಹಿಟ್ಟು ರುಬ್ಬುವಾಗೆಲ್ಲ ಗಂಡ ಎದುರು ಕೂತು ಪಾಠ ಕೊರೆಯುತ್ತಿದ್ದ. ಅರೆಬರೆ ಕಿವಿಯಲ್ಲಿ ಉಳಿದಿತ್ತು.

ಮಾಂತ್ರಿಕನ ಕೋಟೆಯ ಬಾಗಿಲಲ್ಲಿ ಎರಡು ತಲೆಯ ಹುಲಿ. ಒಂದು ತಲೆ ತಗ್ಗಿದ ದನಿಯಲ್ಲಿ ಗರ್ಜಿಸಿದರೆ ಇನ್ನೊಂದು ಏರುದನಿಯಲ್ಲಿ. ಈ ಗದ್ದಲದಲ್ಲಿ ಪಾಪ, ಹುಲಿಗೆ ನಿದ್ದೆಯೇ ಇಲ್ಲ. 'ಒಂದರ ಎತ್ತರಕ್ಕೆ ಇನ್ನೊಂದನ್ನು ತರೋದೇ ಶ್ರುತಿ ಸೇರಿಸೋದು' ಎಂದು ಗಂಡ ಹೇಳಿದ್ದ. ಚೆಲುವಾಜಮ್ಮ ತಗ್ಗಿದ ದನಿಯ ತಲೆಯ ಕಿವಿ ಹಿಡಿದು, ತಂತಿ ಬಿಗಿಯುವ ಬಿರಡೆ ತಿರುಗಿಸುವಂತೆ ಮೆಲ್ಲಗೆ ತಿರುಚಿದಳು. ದನಿ ಏರಿತು, ಏರಿತು, ಎರಡೂ ಒಂದಾದವು. ಹುಲಿ ಆಕಳಿಸಿ ಮಲಗಿತು.

ಆಮೇಲೆ ತೂಗುಸೇತುವೆ. ಓಡಿದವರನ್ನೂ ಬೀಳಿಸುತ್ತಿತ್ತು, ನಿಂತವರನ್ನೂ ಬೀಳಿಸುತ್ತಿತ್ತು. 'ಲಯ ಅಂದ್ರೆ ಸಮನಾದ ನಡಿಗೆ ಕಣೇ' ಎಂದಿದ್ದ ಗಂಡ. ರುಬ್ಬುಗುಂಡು ತಿರುಗುವ ಹದದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಅವಳು ದಾಟಿಬಿಟ್ಟಳು.

ಒಳಗೆ ಕರ್ಕಶನು ಗಿಟಾರನ್ನು ಅವಳ ಮಡಿಲಿಗೆ ಎಸೆದ. "ಹಲವು ಸ್ವರಗಳನ್ನು ಒಟ್ಟಿಗೆ ಹಿತವಾಗಿ ನುಡಿಸು. ಸ್ವರಮೇಳ ಕೂಡಿದರೆ ಗಂಡ ನಿನ್ನವನು. ಒಂದು ಅಪಸ್ವರ ಬಂದರೂ ಇವನು ಎಂದೆಂದಿಗೂ ಮರವೇ!" ಎಂದವನು ಹೊಗೆಯಾಗಿ ಮಾಯವಾದ.

ಚೆಲುವಾಜಮ್ಮ ಗಂಡ ಹೇಳಿದ್ದಂತೆ ತಂತಿಗಳ ಮೇಲೆ ಮೂರು ಬೆರಳು ಒತ್ತಿದಳು. ಬೆರಳ ತುದಿ ಉರಿಯಿತು.

"ಆರೂ ತಂತಿ ಮೀಟಮ್ಮ, ನಾಚಿಕೆ ಯಾಕೆ?" ಎಂದಿತೊಂದು ದನಿ.

ಕೈ ಎತ್ತಿದವಳು ಗಂಡನ ಪಾಠ ನೆನಪಾಗಿ ತಡೆದಳು. 'ಎಲ್ಲ ತಂತಿ ಮೀಟಬೇಕಿಲ್ಲ ಕಣೇ. ಸೇರದ್ದನ್ನ ಸುಮ್ಮನೆ ಬಿಡಬೇಕು. ಹೊಸಬರು ಎಡವೋದೇ ಅಲ್ಲಿ.' ದನಿ ಬಂದದ್ದು ಎಲ್ಲಕ್ಕಿಂತ ದಪ್ಪವಾದ ಆರನೆಯ ತಂತಿಯಿಂದ. ಅವಳು ಅದನ್ನು ಬಿಟ್ಟು ಉಳಿದ ಐದನ್ನು ಮೀಟಿದಳು. ಕೋಟೆಯೆಲ್ಲ ಇಂಪಾಯಿತು.

"ನನ್ನನ್ನೂ ಮೀಟು! ನನ್ನನ್ನೂ!" ಆರನೆಯ ತಂತಿಯೊಳಗೆ ಅಡಗಿದ್ದ ಕರ್ಕಶ ಸುಮ್ಮನಿರಲಾರದೆ ಕಿರುಚಿದ, ಬಿಗಿದ, ಪಟ್ಟನೆ ಹರಿದುಹೋದ.

ಮಡಿಲಲ್ಲಿ ಚಿನ್ನಯ್ಯ ಕಣ್ಣು ಬಿಟ್ಟ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಮರವಾಗಿ ಬಂದರೂ ಅವನ ಗುಣ ಹೋಗಿರಲಿಲ್ಲ. "ಚೆಲುವಿ, ಮೂರನೇ ತಂತಿ ಶ್ರುತಿ ಸ್ವಲ್ಪ ಇಳಿದಿತ್ತು."

ಚೆಲುವಾಜಮ್ಮನಿಗೆ ಹೋದ ಜೀವ ಬಂದಂತಾಯಿತು. ಅಳುತ್ತಲೇ ನಕ್ಕಳು. "ಇಳಿದಿರಲಿ ಬಿಡ್ರೀ. ಇನ್ನೊಂದ್ಸಲ ಹೇಳಿ, ನಿಮ್ಮ ದನಿ ಕೇಳಬೇಕು."

ಅಂದಿನಿಂದ ನಾದಾವತಿಯಲ್ಲಿ ಹೆದರಿ ತಲೆದೂಗುವುದು ನಿಂತಿತು. ಅವಳು ರುಬ್ಬುತ್ತಾಳೆ, ಅವನು ಕೊರೆಯುತ್ತಾನೆ, ಈಗ ಎರಡೂ ಕಿವಿಯಿಂದ ಕೇಳುತ್ತಾಳೆ. ಅವರ ಮನೆಯ ಶ್ರುತಿ ಸೇರಿತು, ನಿಮ್ಮದೂ ಸೇರಲಿ.