ಹಾಡಿಗೆ ಹೊದಿಸಿದ ಕಂಬಳಿ

“ಮತ್ತ ಅದ ಗುಂಯ್!” ಸಮುವೇಲಣ್ಣ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

ಕಿಟಕಿಯಲ್ಲಿ ಪೂನಮ್‌ಳ ಮೂಗು ಕಾಣಿಸಿತು. ಜಮಖಂಡಿಯ ಆ ಓಣಿಯಲ್ಲಿ ಏನೇ ನಡೆದರೂ ಮೊದಲು ತಲುಪುವುದು ಅವಳ ಮೂಗೇ. ಲೋಕದ ಪ್ರಶ್ನೆಗಳನ್ನೆಲ್ಲ ಕೇಳುತ್ತಾಳೆ, ಯಾರದೋ ವಸ್ತು ಎತ್ತಿಕೊಳ್ಳುವಾಗ ಮಾತ್ರ ಯಾರನ್ನೂ ಕೇಳುವುದಿಲ್ಲ.

“ಏನ್ ಗುಂಯ್ ಅಣ್ಣಾ?”

“ದನಿ ಗ್ವಾಡಿಗೆ ಬಡದು ವಾಪಸ್ ಬರಾಕತ್ತೈತಿ. ನಮ್ಮ ಮೊದಲನೇ ಆಲ್ಬಮ್ ಕೇಳಿ ಚರ್ಚಿನ ಮಂದಿ, ‘ಬಾವ್ಯಾಗ ಕುಂತು ಹಾಡೀರೇನು?’ ಅಂತ ನಕ್ಕರು. ಇದು ಎರಡನೇದ್ದು. ಮತ್ತ ನಗಿಸ್ಕೊಳ್ಳಾಕ ಆಗೂದಿಲ್ಲ.”

ಸಮುವೇಲಣ್ಣನದು ನಾಲ್ಕು ಜನರ ರಾಕ್ ಬ್ಯಾಂಡ್. ಗಿಟಾರ್, ಡ್ರಮ್ಸ್ ಬಾರಿಸುತ್ತ ಯೇಸುವಿನ ಹಾಡು ಹಾಡುತ್ತಿದ್ದರು. ಹಾಡು ರೆಕಾರ್ಡ್ ಮಾಡಲು ಬೆಳಗಾವಿಯಿಂದ ಬಾಡಿಗೆಗೆ ತಂದ ಮೈಕು ಸಂಜೆಯ ಬಸ್ಸಿಗೇ ವಾಪಸ್ ಹೋಗಬೇಕಿತ್ತು. ಇನ್ನೂ ಎರಡು ಹಾಡು ಉಳಿದಿದ್ದವು.

ಪೂನಮ್ ತಲೆ ಕೆರೆದುಕೊಂಡಳು. ಕಂಬಳಿಯೊಳಗೆ ಮುಖ ಮುಚ್ಚಿ ಎಷ್ಟು ಕೂಗಿದರೂ ಅಜ್ಜಿಗೆ ಕೇಳಿಸುವುದಿಲ್ಲವಲ್ಲ! ಆ ಕಂಬಳಿಯನ್ನೇ ಗೋಡೆಗೆ ಹಾಕಿದರೆ? ಕುರಿ ಸಾಕುವವರ ಮನೆಯಲ್ಲಿ ಕಂಬಳಿಗೇನು ಬರ?

ಅಜ್ಜಿ ಹಣಮವ್ವ ಸಂತೆಗೆ ಹೋಗಿದ್ದಳು. ಪೂನಮ್ ಟ್ರಂಕಿನಿಂದ ಮೂರು ಕಂಬಳಿ ಎಳೆದಳು. ಮೂರು ಗೋಡೆಗೆ ಅಷ್ಟಾಯಿತು. ನಾಲ್ಕನೆಯದಕ್ಕೆ? ದೇವರ ಕೋಣೆಯಲ್ಲಿ ಕರಿ ಕಂಬಳಿಯೊಂದು ಮಡಿಚಿಟ್ಟಿತ್ತು. ಪೂಜೆಯ ದಿನ ಬೀರಪ್ಪನ ಗದ್ದಿಗೆಗೆ ಹಾಸುವುದು ಅದನ್ನೇ. ಅದರ ತುಂಬ ಅರಿಶಿನದ ಭಂಡಾರ. ಅಜ್ಜಿಯನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

“ಪೂಜಿಗೆ ಇನ್ನ ನಾಕ ದಿನ ಐತಿ,” ಎಂದು ತನಗೆ ತಾನೇ ಹೇಳಿಕೊಂಡು ಪೂನಮ್ ಅದನ್ನೂ ಎತ್ತಿಕೊಂಡು ಓಡಿದಳು.

ನಾಲ್ಕೂ ಗೋಡೆಗೆ ಕಂಬಳಿ ತೂಗುಬಿದ್ದವು. ಗುಂಯ್ ಎಂಬುದು ಮಾಯ! ಒಂದು ಹಾಡು ಒಂದೇ ಸಲಕ್ಕೆ ಮುಗಿಯಿತು. ಪೂನಮ್‌ಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಗ ಬಾಗಿಲಲ್ಲಿ ಅಜ್ಜಿ ಕಾಣಿಸಿದಳು. ದಾರಿಯುದ್ದಕ್ಕೂ ಉದುರಿದ್ದ ಭಂಡಾರವನ್ನೇ ನೋಡಿಕೊಂಡು ಬಂದಿದ್ದಳು.

“ದೇವರು ಕೂಡ್ರೂ ಜಾಗಾ ಅದು,” ಎಂದಳು ಅಜ್ಜಿ. “ಒಂದ್ ಮಾತ ನನ್ನ ಕೇಳಬಾರದೇನು?”

ಪೂನಮ್ ತನ್ನ ಕೈಗೆ ಮೆತ್ತಿದ್ದ ಭಂಡಾರವನ್ನು ನೋಡಿಕೊಂಡಳು.

ಸಮುವೇಲಣ್ಣ ಚಪ್ಪಲಿ ಬಿಟ್ಟು, ಆ ಕಂಬಳಿ ಇಳಿಸಿ, ಎರಡೂ ಕೈಯಿಂದ ಅಜ್ಜಿಗೆ ಕೊಟ್ಟ. “ನಮಗ ಗೊತ್ತಿರಲಿಲ್ಲರಿ ಆಯಿ. ತಪ್ಪಾತ್ರಿ.”

ಅಜ್ಜಿ ಅದನ್ನು ಎದೆಗವಚಿಕೊಂಡು ಹೊರಟುಹೋದಳು. ಒಂದು ಗೋಡೆ ಬೋಳಾಯಿತು. ಇನ್ನೊಂದು ಹಾಡು ಬಾಕಿ ಇತ್ತು. ಎಲ್ಲರೂ ಗಡಿಯಾರ ನೋಡಿದರು.

ಸ್ವಲ್ಪ ಹೊತ್ತಿಗೆ ಅಜ್ಜಿ ಮರಳಿ ಬಂದಳು. ದಿನಾ ಹೊದ್ದು ಮಲಗುವ ತೂತುಬಿದ್ದ ಕಂಬಳಿ ಅವಳ ಬಗಲಲ್ಲಿತ್ತು.

“ಇದು ನಂದು. ಇದನ್ನ ಹಾಕ್ರಿ,” ಎಂದಳು. ಮೊಮ್ಮಗಳ ಕಡೆ ಮಾತ್ರ ನೋಡಲಿಲ್ಲ.

ಡಿಸೆಂಬರಿನಲ್ಲಿ ಚರ್ಚಿನ ಅಂಗಳದಲ್ಲಿ ಸಿಡಿ ಬಿಡುಗಡೆಯಾಯಿತು. ಈ ಸಲ ಯಾರೂ ಬಾವಿಯ ಮಾತು ಎತ್ತಲಿಲ್ಲ. ಮರುದಿನ ಸಮುವೇಲಣ್ಣ ಒಂದು ಸಿಡಿಯನ್ನು ಅಜ್ಜಿಯ ಕೈಗೇ ತಂದುಕೊಟ್ಟ. ಪೂನಮ್ ಅದನ್ನು ಪ್ಲೇಯರಿಗೆ ಹಾಕಿದಳು.

“ಗಿಟಾರ್ ಕೇಳಸ್ತು, ಡ್ರಮ್ ಕೇಳಸ್ತು,” ಎಂದಳು ಅಜ್ಜಿ. “ನನ್ನ ಕಂಬಳಿ ಎಲ್ಲೈತಿ ಇದರಾಗ?”

ಪೂನಮ್ ಹಾಡು ಮುಗಿಯುವವರೆಗೆ ಕಾದಳು. ಡ್ರಮ್ಮಿನ ಕೊನೆಯ ಪೆಟ್ಟು ಬಿತ್ತು. ಗುಂಯ್ ಎಂದು ಗೋಡೆಯಿಂದ ಏನೂ ಮರಳಿ ಬರಲಿಲ್ಲ.

“ಇಲ್ಲಿ, ಆಯಿ.”

ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದಳು. ಪೂನಮ್‌ಳ ಬೆರಳು ಬಟನ್ ಕಡೆ ಓಡಿತು. ಓಡಿದ್ದು ಅರ್ಧದಲ್ಲೇ ನಿಂತಿತು.

“ಇನ್ನೊಮ್ಮಿ ಹಚ್ಚಲ್ಯಾ, ಆಯಿ?”

ಅಜ್ಜಿ ಕಣ್ಣು ತೆರೆದು ಮೊಮ್ಮಗಳನ್ನೇ ನೋಡಿದಳು.

“ಹಚ್ಚು,” ಎಂದಳು. “ಹಚ್ಚಿ, ಇಲ್ಲಿ ಬಂದು ಕುಂಡ್ರು.”