ಅರ್ಧ ಹೆಸರಿನ ಗೋಡೆ

"ಪುಕ್ಕಟೆ ಸುಣ್ಣ ಅಮ್ಮಾ. ಅದರ ಮೇಲೆ ನಮ್ಮ ಕ್ಯಾಂಡಿಡೇಟ್ ಹೆಸರು. ಇಲ್ಲೊಂದು ಸೈನ್ ಹಾಕಿಬಿಡಿ," ಎಂದು ಪೇಂಟರ್ ಚೆಮಾ ಪೇಪರ್ ಚಾಚಿದ.

ಎಲ್ವಿರಾ ಅಜ್ಜಿ ಪೇಪರ್ ಮುಟ್ಟಲಿಲ್ಲ. ಗ್ವಾದಲಹಾರ ನಗರದಲ್ಲಿ ರಾಜ್ಯದ ಚುನಾವಣೆ ಬಂತೆಂದರೆ ಅವಳ ಗೋಡೆಗೆ ಎಲ್ಲಿಲ್ಲದ ಬೆಲೆ. ಮೂಲೆಮನೆ, ಎದುರಿಗೇ ಬಸ್ ಸ್ಟಾಪ್.

"ಹೋದ ಸಲದವರೂ ಬಾಯಿ ತುಂಬ ಅಮ್ಮಾ ಅಂದ್ರು. ಗುಂಡಿ ಮುಚ್ಚಿಸ್ತೀವಿ ಅಂದ್ರು. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಬೇಕು?" ಎಂದಳು ಅಜ್ಜಿ.

ಗುಂಡಿ ಮನೆಮುಂದೆಯೇ ಇತ್ತು. ಗಾಡಿಯವರಿಗೆ ಕಾಣಲಿ ಎಂದು ಅದರಲ್ಲೊಂದು ಮುರುಕು ಕುರ್ಚಿ ನಿಲ್ಲಿಸಿದ್ದರು. ಹೋದ ತಿಂಗಳು ಅಜ್ಜಿಯ ಮೂರು ಗಾಲಿಯ ಸೈಕಲ್ ಅದರಲ್ಲಿ ಇಳಿದು, ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯಿಸಿದ ಪಾತ್ರೆ ಮಗುಚಿ, ಬಿಸಿನೀರು ಕಾಲಿನ ಮೇಲೆ ಬಿದ್ದಿತ್ತು. ಅಜ್ಜಿ ಈಗ ಕುಂಟುತ್ತಲೇ ತಮಾಲೆ ಮಾರಲು ಹೋಗುತ್ತಾಳೆ. ಅವಳು ಮತ್ತೆ ಬಿದ್ದಿರಬಹುದು ಎಂಬ ಭಯದಲ್ಲಿ ಮೊಮ್ಮಗಳು ಯರೆಲಿಗೆ ಕ್ಲಾಸಿನಲ್ಲಿ ಪಾಠ ತಲೆಗೆ ಹತ್ತುವುದಿಲ್ಲ.

ಯರೆಲಿ ಪೇಪರ್ ತೆಗೆದುಕೊಂಡು ಓದಿದಳು. ಕೊನೆಯಲ್ಲಿ "ಷರತ್ತುಗಳು" ಎಂದಿತ್ತು. ಅದರ ಮುಂದೆ ಖಾಲಿ. ಖಾಲಿ ಬಿಟ್ಟರೆ ಮಾರ್ಕ್ಸ್ ಇಲ್ಲ ಎಂದು ಟೀಚರ್ ದಿನಾ ಹೇಳುತ್ತಿದ್ದರು. ಅವಳು ಬರೆದಳು: "ಈಗ ಅರ್ಧ ಹೆಸರು. ಗುಂಡಿ ಮುಚ್ಚಿದ ಮೇಲೆ ಇನ್ನರ್ಧ."

ಅಜ್ಜಿ ಅದನ್ನು ಓದಿ ಸೈನ್ ಹಾಕಿದಳು.

"ಇಪ್ಪತ್ತು ವರ್ಷದಿಂದ ಗೋಡೆ ಬರೀತಿದ್ದೀನಿ. ಅರ್ಧ ಹೆಸರು ಯಾರೂ ಕೇಳಿಲ್ಲ ಮರಿ," ಎಂದ ಚೆಮಾ.

"ಗುಂಡೀನೂ ಯಾರೂ ಮುಚ್ಚಿಲ್ಲ ಅಂಕಲ್."

ಚೆಮಾ "ಹಸಿಂತೊ" ಎಂದು ಬರೆದು ಹೋದ. ಪಕ್ಕದಲ್ಲಿ ಅಷ್ಟೇ ದೊಡ್ಡ ಬಿಳಿ ಜಾಗ ಉಳಿಯಿತು.

"ಯಾವ ಹಸಿಂತೊ? ನಮ್ಮ ಕಟಿಂಗ್ ಶಾಪಿನವನಾ?" ಎಂದು ಬಸ್ಸಿಗೆ ಕಾಯುವವರು ಮಾತಾಡಿಕೊಂಡರು.

ಮೂರನೇ ದಿನ ಕ್ಯಾಂಡಿಡೇಟ್ ಹಸಿಂತೊ ಬರಾಗಾನ್ ಅವರೇ ಕಾರಿನಿಂದಿಳಿದು ಗೋಡೆ ನೋಡಿದರು. ಫೋಟೋ ತೆಗೆಸಿಕೊಳ್ಳಲಿಲ್ಲ.

ಮರುದಿನ ಡಾಂಬರಿನ ಲಾರಿ ಬಂತು. ಗುಂಡಿ ಮುಚ್ಚಿತು. ಚೆಮಾ "ಬರಾಗಾನ್" ಎಂದು ಬರೆದ. ಅಜ್ಜಿ ಲಾರಿಯವರಿಗೆಲ್ಲ ಬಿಸಿ ತಮಾಲೆ ಕೊಟ್ಟಳು. ಯರೆಲಿ ಕುರ್ಚಿಯನ್ನು ಒಳಗೆ ತಂದಿಟ್ಟು, ಖುಷಿಗೆ ಅದರ ಮೇಲೆಯೇ ಕೂತು ಹೋಮ್‌ವರ್ಕ್ ಮಾಡಿದಳು.

ಶುಕ್ರವಾರ ವರ್ಷದ ಮೊದಲ ಮಳೆ ಬಂತು. ಶನಿವಾರ ಬೆಳಿಗ್ಗೆ ಡಾಂಬರು ಚರಂಡಿಯಲ್ಲಿತ್ತು. ಅದರ ಕೆಳಗೆ ಲಾರಿಯವರು ಬರೀ ಮಣ್ಣು ತುಂಬಿದ್ದರು.

"ನನಗೆ ಗೊತ್ತಿತ್ತು ಬಿಡು," ಎಂದು ಅಜ್ಜಿ ಸೈಕಲ್ಲನ್ನು ಸುತ್ತುಬಳಸಿ ತಳ್ಳಿಕೊಂಡು ಹೋದಳು. ಅವಳು ಬೈಯಲೂ ಇಲ್ಲ. ಯರೆಲಿಗೆ ಸಿಟ್ಟು ಬಂದದ್ದು ಅದಕ್ಕೇ.

ಅವಳು ಕುರ್ಚಿಯನ್ನು ಗುಂಡಿಯಲ್ಲಿ ನಿಲ್ಲಿಸಿದಳು. ಚೆಮಾ ಬಿಟ್ಟುಹೋಗಿದ್ದ ಸುಣ್ಣ, ಬ್ರಶ್ ತೆಗೆದುಕೊಂಡು "ಬರಾಗಾನ್" ಮೇಲೆ ಬಳಿದಳು. "ಹಸಿಂತೊ" ಮುಟ್ಟಲಿಲ್ಲ. ಅದು ಪೇಪರಿನಲ್ಲಿ ಒಪ್ಪಿಕೊಂಡ ಅರ್ಧ.

ಸಂಜೆ ಚೆಮಾ ಓಡಿಬಂದ. "ಸೋಮವಾರ ಜಲ್ಲಿ ಹಾಕಿ ಗಟ್ಟಿಯಾಗಿ ಮುಚ್ಚಿಸ್ತಾರಂತೆ. ಈಗ ಹೆಸರು ಬರೆದುಬಿಡ್ಲಾ?"

"ಯಾವ ಸೋಮವಾರ ಅಂಕಲ್?"

"ಅದೇ... ವೋಟಿಂಗ್ ಆದ ಮಾರನೇ ದಿನ."

ಯರೆಲಿ ಕ್ಯಾಲೆಂಡರ್ ನೋಡಿದಳು. ವೋಟಿಂಗ್ ನಾಳೆಯಲ್ಲ, ಅದರ ಮುಂದಿನ ಭಾನುವಾರ. ಪ್ರಚಾರ ಮುಗಿಯುವುದು ಅದಕ್ಕೂ ಮೊದಲಿನ ಬುಧವಾರ.

"ಬುಧವಾರದ ಒಳಗೆ," ಎಂದಳು.

ಚೆಮಾ ಅಜ್ಜಿಯ ಕಡೆ ನೋಡಿದ. ಅಜ್ಜಿ ತಮಾಲೆ ಸುತ್ತಲು ಮೆಕ್ಕೆಜೋಳದ ಸಿಪ್ಪೆ ತೊಳೆಯುತ್ತಿದ್ದಳು. "ಅವಳು ಹೇಳಿದ್ದೇ," ಎಂದಳು, ತಲೆ ಎತ್ತದೆ.

ಚೆಮಾ ಫೋನ್ ತೆಗೆದ. "ಸರ್, ಲಾರಿ ಬೇಕು. ಇಲ್ಲ ಸರ್, ಸೋಮವಾರಕ್ಕೆ ಒಪ್ತಾ ಇಲ್ಲ."

ಯರೆಲಿ ಬ್ರಶ್ಶನ್ನು ನೀರಿನಲ್ಲಿ ನೆನೆಹಾಕಿಟ್ಟಳು. ಮತ್ತೆ ಬರೀ ಮಣ್ಣು ತುಂಬಿದರೆ ಬೇಕಾಗುತ್ತದೆ; ಬುಧವಾರದವರೆಗೆ ಅದು ಒಣಗಬಾರದು.