ನಿಂಬೆಗಿಡಕ್ಕೆ ನೀರು ಬರುತ್ತಿಲ್ಲ

ತೋಟಕ್ಕೆ ಪೈಪು ಹಾಕಲು ಬಂದವನು ಗೇಟಿನ ಹತ್ತಿರವೇ ನಿಂತು ನಕ್ಕುಬಿಟ್ಟದ್ದು ಅವಳಿಗೆ ಸುತರಾಂ ಹಿಡಿಸಲಿಲ್ಲ.

"ಯಾಕೆ ನಗ್ತೀರಿ?"

"ತೋಟ ನೋಡಿ ಮೇಡಂ. ಇದು ತೋಟ ಅಲ್ಲ, ರೈಲು."

ಮಾತೇನೋ ನಿಜವೇ. ಮನೆಯ ಹಿಂದಿನ ಆ ಜಾಗದ ಅಗಲ ಎರಡು ಮಂಚ ಹಾಕುವಷ್ಟು. ಉದ್ದ ಮಾತ್ರ ಮುಗಿಯುವುದೇ ಇಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಅವಳ ಚಿಕ್ಕಮ್ಮ ಗಂಟಲು ಹರಿಯುವಂತೆ ಕೂಗಿದರೂ ಕೊನೆಯ ನಿಂಬೆಗಿಡದ ಬಳಿ ಇದ್ದವರಿಗೆ ಏನೋ ಅಂದ ಹಾಗಾಯಿತು ಅನ್ನುವಷ್ಟೇ ಕೇಳಿಸುತ್ತಿತ್ತು. ನಡುವೆ ಬದನೆ, ಬೀನ್ಸ್, ಪುದೀನ, ಗುಲಾಬಿ. ಇಷ್ಟು ವರ್ಷ ಕೊಡ ಹೊತ್ತು ಇವಕ್ಕೆಲ್ಲ ನೀರು ಹಾಕಿದ ಚಿಕ್ಕಮ್ಮನ ಮಂಡಿ ಈಗ ಮುಷ್ಕರ ಹೂಡಿತ್ತು. ಅದಕ್ಕೇ ಈ ಹನಿ ನೀರಿನ ಪೈಪು, ಅದಕ್ಕೇ ಈ ನಗುವ ಮನುಷ್ಯ.

ಅವಳು ಕೆಲಸ ಮಾಡುತ್ತಿದ್ದುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. "ಸಕ್ಕರೆ ಮುಟ್ಟೋದೇ ಇಲ್ಲಮ್ಮ" ಎಂದು ಆಣೆ ಹಾಕುವವರ ರಕ್ತ ಏನು ಹೇಳುತ್ತದೆಂದು ದಿನಾ ನೋಡಿ ನೋಡಿ, ರಿಪೋರ್ಟು ಬರುವ ತನಕ ಯಾರ ಮಾತನ್ನೂ ನಂಬದ ಸ್ವಭಾವ ಬಂದಿತ್ತು. ಒಮ್ಮೆ ಮಾತ್ರ ಒಬ್ಬನನ್ನು ಹಿಂದೆ ಮುಂದೆ ನೋಡದೆ ನಂಬಿದ್ದಳು. ಮದುವೆ ಗೊತ್ತಾದ ಮೇಲೆ, ಅವನಿಗೆ ಇನ್ನೊಂದು ಊರಿನಲ್ಲಿ ಆಗಲೇ ಒಬ್ಬ ಹೆಂಡತಿ ಇರುವುದು ತಿಳಿಯಿತು. ಸುಳ್ಳು ಹೇಳುವವನು ಎಷ್ಟೇ ಒಳ್ಳೆಯವನಾಗಿ ಕಂಡರೂ ಇನ್ನು ತನ್ನ ಬದುಕಿನಲ್ಲಿ ಅವನಿಗೆ ಜಾಗವಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದಳು.

ಪೈಪಿನವನು ಕೆಲಸ ಮಾಡುವಾಗ ಅವಳು ಬೆನ್ನ ಹಿಂದೆಯೇ ನಿಂತಳು.

"ಈ ಫಿಲ್ಟರ್ ಯಾಕೆ?"

"ಟ್ಯಾಂಕಿನ ಕಸ ಪೈಪಿಗೆ ಹೋಗದೆ ಇರಲಿ ಅಂತ."

"ಅದರಲ್ಲೇ ಕಸ ಕಟ್ಟಿಕೊಂಡ್ರೆ?"

"ತೊಳೀಬೇಕು."

"ತೊಳೆಯೋಕೆ ನೀವೇ ಬರಬೇಕು. ಒಳ್ಳೆ ಉಪಾಯ!"

ಅವನು ತಲೆಯೆತ್ತಿ ನೋಡಿದ. ನಗು ತುಟಿಯ ತನಕ ಬಂದಿತ್ತು, ಹೇಗೋ ತಡೆದುಕೊಂಡ. "ನೀವೇ ತೊಳೀಬಹುದು ಮೇಡಂ. ಬನ್ನಿ, ತೋರಿಸ್ತೀನಿ."

ನಿಜವಾಗಿಯೂ ತೋರಿಸಿಕೊಟ್ಟ. ತೋಟವನ್ನು ಮೂರು ಭಾಗ ಮಾಡಿ ಒಂದೊಂದಕ್ಕೂ ಒಂದೊಂದು ವಾಲ್ವ್ ಇಟ್ಟಿದ್ದ. ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ನೀರು ಹೋಗುತ್ತದೆ, ಅಡ್ಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಹೇಳುವಾಗ ಅವನ ಕಿವಿಯ ಹಿಂದೆ ಮಣ್ಣು ಮೆತ್ತಿಕೊಂಡಿತ್ತು. ಹೇಳೋಣವೆಂದುಕೊಂಡಳು, ಹೇಳಲಿಲ್ಲ. ಅದನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದಳೆಂಬುದನ್ನು ಚಿಕ್ಕಮ್ಮನಿಗೂ ಹೇಳಲಿಲ್ಲ.

ಟ್ಯಾಂಕಿಗೆ ಜೋಡಿಸಿದ್ದ ಟೈಮರ್ ತಿರುಗಿಸಿದಾಗ ಪೈಪು ಒಮ್ಮೆ ಕೆಮ್ಮಿತು. ಆಮೇಲೆ ಒಂದೊಂದೇ ಗಿಡದ ಬುಡದಲ್ಲಿ ಹನಿ ಮೂಡುತ್ತ ಹೋಗಿ, ನಿಂಬೆಗಿಡದ ಮಣ್ಣೂ ಕಪ್ಪಾಯಿತು. ಚಿಕ್ಕಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ಅವಳಿಗೆ ಮಾತ್ರ ಒಳಗೊಳಗೇ ಹುಳ ಕೊರೆಯತೊಡಗಿತು. ಇಷ್ಟು ಚೆನ್ನಾಗಿ ಕೆಲಸ ಮಾಡಿ, ಇಷ್ಟು ಚೆನ್ನಾಗಿ ನಗುವ ಗಂಡಸಿನಲ್ಲಿ ಎಲ್ಲೋ ಏನೋ ಐಬು ಇರಲೇಬೇಕು.

ಕೆಲವು ದಿನ ಬಿಟ್ಟು ಒಂದು ಮುಂಜಾನೆ ನಿಂಬೆಗಿಡದ ಹತ್ತಿರ ಹೋಗಿ ಕೊನೆಯ ವಾಲ್ವನ್ನು ಅಡ್ಡಕ್ಕೆ ತಿರುಗಿಸಿದಳು. ಅವನಿಗೆ ಫೋನ್ ಮಾಡಿ, "ಕೊನೇ ಗಿಡಗಳಿಗೆ ನೀರೇ ಬರ್ತಿಲ್ಲ" ಎಂದಳು. ಪ್ರಾಮಾಣಿಕನಾಗಿದ್ದರೆ ವಾಲ್ವ್ ಮುಚ್ಚಿತ್ತು ಎಂದು ಹೇಳುತ್ತಾನೆ. ಮೋಸಗಾರನಾಗಿದ್ದರೆ ಏನಾದರೂ ಕಥೆ ಕಟ್ಟುತ್ತಾನೆ. ಇದಕ್ಕಿಂತ ಸುಲಭದ ಪರೀಕ್ಷೆ ಲ್ಯಾಬಿನಲ್ಲೂ ಇರಲಿಲ್ಲ.

ಸಂಜೆ ಅವನು ಬಂದಾಗ ಅವಳು ಗುಲಾಬಿಯ ಪಕ್ಕ ಒಣಹಾಕಿದ ಬೆಡ್‌ಶೀಟಿನ ಮರೆಯಲ್ಲಿ ನಿಂತು ನೋಡಿದಳು. ಅವನು ನೆಟ್ಟಗೆ ಕೊನೆಗೆ ಹೋದ, ಮಂಡಿಯೂರಿದ, ಎಲೆ ಸರಿಸಿ ವಾಲ್ವ್ ನೋಡಿದ. ತನ್ನಷ್ಟಕ್ಕೆ ತಾನೇ ಮುಗುಳ್ನಕ್ಕ. ಹಿಡಿಯನ್ನು ಮೆಲ್ಲಗೆ ಉದ್ದಕ್ಕೆ ತಿರುಗಿಸಿದ. ಆಮೇಲೆ ಈ ಕಡೆ ಬಂದು, ಶುದ್ಧವಾಗಿದ್ದ ಫಿಲ್ಟರನ್ನು ಬಿಚ್ಚಿ ತೊಳೆಯುವ ನಾಟಕವನ್ನೂ ಆಡಿದ.

"ಫಿಲ್ಟರಲ್ಲಿ ಕಸ ಇತ್ತು ಮೇಡಂ. ಈಗ ಸರಿಹೋಯ್ತು."

"ಎಷ್ಟು ಕೊಡಬೇಕು?"

"ಏನೂ ಬೇಡ."

ಸುಳ್ಳ! ಅದೂ ಪುಕ್ಕಟೆ ಸುಳ್ಳ! ದುಡ್ಡು ಕೇಳುವ ಸುಳ್ಳನಾದರೆ ಅವನಿಗೆ ಬೇಕಾದದ್ದು ಏನೆಂದಾದರೂ ಗೊತ್ತಾಗುತ್ತದೆ. ಏನೂ ಬೇಡವೆನ್ನುವವನಿಗೆ ಬೇಕಾದದ್ದಾದರೂ ಏನು?

ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು. ಇಷ್ಟಕ್ಕೇ ಬಿಡಬೇಕಿತ್ತು. ಮುಂದಿನ ವಾರ ಅವಳು ಮತ್ತೆ ವಾಲ್ವ್ ಮುಚ್ಚಿದಳು. ಅವನು ಬಂದು "ಪೈಪಲ್ಲಿ ಗಾಳಿ ಸೇರಿತ್ತು" ಅಂದ. ಅದರ ಮುಂದಿನ ವಾರ "ಇರುವೆ ಗೂಡು ಕಟ್ಟಿತ್ತು" ಅಂದ. ಪ್ರತಿ ಸಲವೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಟೀ ಕುಡಿದ, ಚಿಕ್ಕಮ್ಮನ ಮಂಡಿ ವಿಚಾರಿಸಿದ, ಹೋಗುವಾಗ ಗೇಟಿನಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ನೋಡುತ್ತಿರಲಿಲ್ಲ. ಅಂದರೆ, ಅವನು ತಿರುಗುವಷ್ಟರಲ್ಲಿ ಕಣ್ಣನ್ನು ಬದನೆಗಿಡಕ್ಕೆ ಸಾಗಿಸಿಬಿಡುತ್ತಿದ್ದಳು.

"ಹೊಸ ಪೈಪು ಕಣೇ, ಇಷ್ಟು ಬೇಗ ಕೆಡುತ್ತಾ?" ಎಂದರು ಚಿಕ್ಕಮ್ಮ.

"ಕೆಲಸ ಸರಿಯಿಲ್ಲ ಚಿಕ್ಕಮ್ಮ. ಆಸಾಮಿನೂ ಸರಿಯಿಲ್ಲ."

"ಹೌದೌದು. ಅದಕ್ಕೇ ಅವನು ಬರೋ ದಿನ ನಿನ್ನ ಬಟ್ಟೆಗೆಲ್ಲ ಇಸ್ತ್ರಿ ಆಗಿರುತ್ತೆ."

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಭಯವಿತ್ತು. ಸುಳ್ಳನೆಂದು ಗೊತ್ತಿದ್ದೂ ಅವನ ಸೈಕಲ್ಲಿನ ಬೆಲ್ಲಿಗೆ ಕಿವಿಗೊಟ್ಟು ಕೂರುತ್ತಿದ್ದೇನಲ್ಲ, ಮತ್ತೆ ಅದೇ ಹಳ್ಳಕ್ಕೆ ಬೀಳುತ್ತಿದ್ದೇನಲ್ಲ! ಇದಕ್ಕೊಂದು ಕೊನೆ ಹಾಡಲೇಬೇಕು.

ಮುಂದಿನ ಸಲ ಅವನು ವಾಲ್ವಿಗೆ ಕೈ ಹಾಕುವಷ್ಟರಲ್ಲಿ ಅವಳು ನಿಂಬೆಗಿಡದ ಹಿಂದಿನಿಂದ ಎದುರಿಗೇ ಬಂದಳು.

"ಇವತ್ತು ಏನಾಗಿದೆ ಅಂತೀರಿ? ಗಾಳಿನಾ, ಇರುವೆನಾ?"

ಅವನ ಕೈ ಅಲ್ಲೇ ನಿಂತಿತು.

"ಮೊದಲನೇ ದಿನದಿಂದ ನೋಡ್ತಿದ್ದೀನಿ. ವಾಲ್ವ್ ಮುಚ್ಚಿರೋದು ನಿಮಗೆ ಗೊತ್ತಿತ್ತು. ಒಂದು ಸಲವೂ ಬಾಯಿ ಬಿಡಲಿಲ್ಲ."

"ಗೊತ್ತಿತ್ತು," ಎಂದ ಅವನು. "ಮುಚ್ಚಿದ್ದು ನೀವೇ ಅಂತಲೂ ಗೊತ್ತಿತ್ತು. ಚಿಕ್ಕಮ್ಮ ಇಷ್ಟು ದೂರ ನಡೆಯೋಕಾಗಲ್ಲ."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

ಅವನು ಮಣ್ಣಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮುಖ ಕೆಂಪಗಾಗಿತ್ತು. "ನೀವು ನನ್ನನ್ನ ಕರೆಸೋಕೆ ಅಂತಲೇ ಮುಚ್ತಿದ್ದೀರಿ ಅಂದುಕೊಂಡೆ. ನಿಜ ಹೇಳಿದ್ರೆ ನಿಮಗೆ ನಾಚಿಕೆಯಾಗುತ್ತೆ, ಆಮೇಲೆ ಕರೆಯೋದೇ ಇಲ್ಲ. ನನಗೆ ಬರಬೇಕಿತ್ತು."

"ನಿಮ್ಮನ್ನ ಹಿಡಿಯೋಕೆ ಮುಚ್ಚಿದ್ದು! ನೀವು ಮೋಸಗಾರರಾ ಅಂತ ನೋಡೋಕೆ!"

ಗೆದ್ದೆನೆಂದುಕೊಂಡಳು. ಅವನ ಮುಖದ ನಗು ಪೂರ್ತಿ ಇಳಿದುಹೋದದ್ದನ್ನು ಕಂಡಾಗ ಗೆಲುವಿನ ರುಚಿ ಬಾಯಲ್ಲೇ ಕೆಟ್ಟಿತು.

"ಹಾಗಾ," ಎಂದ ಮೆಲ್ಲಗೆ. ವಾಲ್ವನ್ನು ತಿರುಗಿಸಿ, ಹನಿ ಬೀಳುವುದನ್ನು ಕಾದು ನೋಡಿ ಎದ್ದ. "ಸುಳ್ಳು ಹೇಳಿದ್ದು ತಪ್ಪು ಮೇಡಂ. ಎಲ್ಲಾನೂ ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡುಬಿಟ್ಟೆ. ಪೈಪು ಚೆನ್ನಾಗಿದೆ, ಕೆಡೋದಿಲ್ಲ. ಇನ್ನು ನಾನು ಬರಬೇಕಾಗಿಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಆ ತೋಟ ಉದ್ದವಾಗಿದ್ದದ್ದು ಅವಳ ಪುಣ್ಯ. ಗುಲಾಬಿ ದಾಟಿದ, ಪುದೀನ ದಾಟಿದ. ಅಷ್ಟು ಹೊತ್ತೂ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಮೊದಲ ಸಲ ಮುಚ್ಚಿದ್ದು ಪರೀಕ್ಷೆಗೆ, ಸರಿ. ಅವತ್ತೇ ಉತ್ತರ ಸಿಕ್ಕಿತ್ತಲ್ಲ. ಬಂದ ರಿಪೋರ್ಟನ್ನು ಪಕ್ಕಕ್ಕಿಟ್ಟು ಮತ್ತೆ ಮತ್ತೆ ಅದನ್ನೇ ಪರೀಕ್ಷಿಸಲು ಅವಳಿಗೇನು ಬೇರೆ ಕೆಲಸ ಇರಲಿಲ್ಲವೇ? ಇಷ್ಟು ವಾರ ಅವನ ಸುಳ್ಳನ್ನು ಎಣಿಸುತ್ತ ಕೂತವಳು ತನಗೆ ತಾನೇ ಹೇಳಿಕೊಂಡ ಸುಳ್ಳನ್ನು ಗಮನಿಸಿರಲೇ ಇಲ್ಲ.

ಅವನು ಬೀನ್ಸಿನ ಸಾಲಿಗೆ ಬಂದಿದ್ದ. ಅವಳು ಚಪ್ಪಲಿ ಜಾರಿದರೂ ಲೆಕ್ಕಿಸದೆ ಓಡಿದಳು.

"ನಿಂತ್ಕೊಳ್ಳಿ!"

ನಿಂತ.

"ಮೊದಲನೇ ಸಲ ಪರೀಕ್ಷೆಗೇ ಮುಚ್ಚಿದ್ದು," ಎಂದಳು ಏದುಸಿರು ಬಿಡುತ್ತ. "ಆಮೇಲಿಂದೆಲ್ಲ ಪರೀಕ್ಷೆಗಲ್ಲ."

"ಮತ್ತೆ?"

"ನೀವು ಬರ್ತೀರಿ ಅಂತ. ನನಗೂ ಈಗಲೇ ಗೊತ್ತಾಗಿದ್ದು."

ಅವನು ಅವಳನ್ನು ದಿಟ್ಟಿಸಿ ನೋಡಿದ. ಆ ಕಣ್ಣಲ್ಲಿ ಈಗ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಅನುಮಾನವಿತ್ತು.

"ಇದೂ ಪರೀಕ್ಷೆನಾ?"

ಅಲ್ಲವೆನ್ನಲು ಬಾಯಿ ತೆರೆದಳು. ತೋರಿಸಲು ಕೈಯಲ್ಲಿ ಯಾವ ಪುರಾವೆಯೂ ಇರಲಿಲ್ಲ. ತಾನು ಯಾರಿಗೂ ಕೊಡದೆ ಇಟ್ಟುಕೊಂಡದ್ದನ್ನೇ ಈಗ ಇನ್ನೊಬ್ಬರ ಹತ್ತಿರ ಕೇಳಬೇಕಾಗಿ ಬಂದಿತ್ತು.

"ಅಲ್ಲ. ಆದ್ರೆ ಅದನ್ನ ಹೇಗೆ ತೋರಿಸಲಿ ಅಂತ ನನಗೆ ಗೊತ್ತಿಲ್ಲ. ನೀವು ನಂಬಬೇಕು, ಅಷ್ಟೇ."

ಅವನು ಹೆಗಲ ಮೇಲಿದ್ದ ಚೀಲವನ್ನು ನಿಧಾನವಾಗಿ ಕೆಳಗಿಟ್ಟ.